ಹೊಸ ಕಂಪನಿಯ ಎಲೆಕ್ಟ್ರಿಕ್ ಕಾರು: ಆರ್ಡರ್ ತೆರೆಯುವವರೆಗೆ ಕಾಯೋದಾ, ಈಗ ಸಿಗೋದನ್ನೇ ತಗೊಳ್ಳೋದಾ?

ಬೈಲಹೊಂಗಲ ದಾರಿ

ನಮಸ್ಕಾರ ಎಲ್ಲರಿಗೂ. ಬೆಳಗಾವಿ ಕಡೆ ಯಾರಾದರೂ ಹೊಸದಾಗಿ ಶುರುವಾದ ಕಂಪನಿಯ ಎಲೆಕ್ಟ್ರಿಕ್ ಕಾರಿಗೆ ಟೋಕನ್ ಕಟ್ಟಿ ಕಾಯುತ್ತಿದ್ದೀರಾ? ನಾನು ಕಾಯುತ್ತಿದ್ದೇನೆ. ಕಂಪನಿ ಹೆಸರು ಹೇಳಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ತೀರ್ಮಾನ ತಗೊಳ್ಳುವ ಹೊತ್ತು ಬಂದಿದೆ.

ನನ್ನದು ಶಾಲೆ ಕೆಲಸ. ತಿಲಕವಾಡಿಯಿಂದ ಬೈಲಹೊಂಗಲಕ್ಕೆ ದಿನಾ ಹೋಗಿ ಬರಬೇಕು, ಎರಡೂ ಕಡೆ ಸೇರಿ ಸುಮಾರು 90 ಕಿ.ಮೀ. ಈಗಿನ ಪೆಟ್ರೋಲ್ ಕಾರಿಗೆ ವಯಸ್ಸಾಗಿದೆ. ಕ್ಲಚ್ ಜಾರುತ್ತಿದೆ, ಹಿರೇಬಾಗೇವಾಡಿ ಟೋಲ್ ದಾಟಿ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಸದ್ದು ಜಾಸ್ತಿ ಆಗುತ್ತೆ, ಗಾಡಿ ಮಾತ್ರ ಅಷ್ಟೇ ವೇಗದಲ್ಲಿರುತ್ತೆ. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರೂ ಒಟ್ಟಿಗೆ ಹಾಕಿಸಿ, ಮುಂದಿನ ಎರಡು ಟೈರನ್ನೂ ಬದಲಿಸಿ ಅಂತ ಗ್ಯಾರೇಜಿನವರು ಹೇಳುತ್ತಾರೆ. ಮಾರೋ ಗಾಡಿಗೆ ಅಷ್ಟು ದುಡ್ಡು ಯಾಕೆ ಸುರಿಯಬೇಕು ಅಂತ ನಮ್ಮ ಮನೆಯವರು.

ಕಂಪನಿಯವರು ಮೊದಲು ದೀಪಾವಳಿಗೆ ಆರ್ಡರ್ ತೆರೆಯುತ್ತೇವೆ ಅಂದಿದ್ದರು. ಆಮೇಲೆ ಯುಗಾದಿ ಅಂದರು. ಈಗ ಮೇಲ್‌ನಲ್ಲಿ "ಶೀಘ್ರದಲ್ಲೇ" ಅಂತ ಮಾತ್ರ ಇದೆ. ಪೂರ್ತಿ ಬೆಲೆ ಹೇಳಿಲ್ಲ, ಶುರುವಿನ ಬೆಲೆ ಒಂದೇ ಗೊತ್ತು. ಆದರೂ ಆ ಕಾರು ಬಿಡೋಕೆ ಮನಸ್ಸಿಲ್ಲ. ನಮ್ಮ ಗಲ್ಲಿಗೆ ಸರಿಯಾದ ಅಳತೆ. ಸೀಟು ಎತ್ತರ ಇದೆ, ಅತ್ತೆಯವರಿಗೆ ಮೊಣಕಾಲು ನೋವು, ಕೆಳಗೆ ಕುಸಿದು ಕೂರುವ ಕಾರು ಅವರಿಗೆ ಆಗಲ್ಲ. ಟೋಕನ್ ಹೇಗೂ ವಾಪಸ್ ಸಿಗುತ್ತೆ, ಕಾದರೆ ನಷ್ಟ ಏನು ಅಂತ ಇಷ್ಟು ದಿನ ಕಾದೆವು. ನೀವೇನಂತೀರಿ?

ಗುಮ್ಮಟನಗರಿ

ತಂಗಿ, ಕಾಯೋದು ನಮ್ಮ ಕಾಲದವರಿಗೆ ಹೊಸದಲ್ಲ. ಸ್ಕೂಟರ್ ಬುಕ್ ಮಾಡಿ ವರ್ಷಗಟ್ಟಲೆ ಕಾದವರ ಮನೆಯಲ್ಲಿ ಬೆಳೆದವನು ನಾನು. 1983ರಲ್ಲಿ ಮಾರುತಿ ಕಾರಿಗೆ ಜನ 10 ಸಾವಿರ ರೂಪಾಯಿ ಮುಂಗಡ ಕಟ್ಟಿದರು. ಆಗಿನ 10 ಸಾವಿರ ಅಂದರೆ ವಿಜಯಪುರದಲ್ಲಿ ಒಬ್ಬ ಗುಮಾಸ್ತನ ಎಷ್ಟೋ ತಿಂಗಳ ಸಂಬಳ. ಮಾರುತಿ ಕೂಡ ಆಗ ಹೊಸ ಕಂಪನಿಯೇ. ಮೊದಲ ಕಾರಿನ ಕೀಲಿ ಆ ವರ್ಷ ಡಿಸೆಂಬರ್ 14ಕ್ಕೆ ಇಂದಿರಾ ಗಾಂಧಿಯವರು ಕೊಟ್ಟರು. ಸಾಲಿನಲ್ಲಿ ಹಿಂದೆ ಇದ್ದವರಿಗೆ ಬಹಳ ತಡವಾಗಿ ಬಂತು. ಆದರೆ ಬಂತು.

ಆಗ ಕಾಯದೇ ಬೇರೆ ದಾರಿ ಇರಲಿಲ್ಲ. ಈಗ ನಿಮ್ಮ ಊರಿನಲ್ಲೇ ಸಾಲಾಗಿ ಶೋರೂಮ್ ಇವೆ. ನಾನಾಗಿದ್ದರೆ ಕಾಯಲ್ಲ.

ಸವದತ್ತಿ ಹುಡುಗ

ಕಾಕಾ, ಎಲ್ಲರೂ ಹಾಗಂದರೆ ಹೊಸ ಕಂಪನಿ ಬೆಳೆಯೋದು ಹೇಗೆ? ಮೊದಲು ಯಾರೋ ಒಬ್ಬರು ನಂಬಬೇಕು ಅಲ್ವಾ. ಬೆಂಗಳೂರಿನ ರೇವಾ ಎಲೆಕ್ಟ್ರಿಕ್ ಕಾರು 2001ರಲ್ಲಿ ಬಂದಾಗ ಜನ ಆಟಿಕೆ ಅಂದರು. 2010ರಲ್ಲಿ ಮಹೀಂದ್ರಾ ಆ ಕಂಪನಿಯನ್ನು ಕೊಂಡಿತು. ಇವತ್ತು ರಸ್ತೆಯಲ್ಲಿ ಓಡುವ ಎಲೆಕ್ಟ್ರಿಕ್ ಗಾಡಿಗಳ ಹಿಂದೆ ಅಂಥ ಸಣ್ಣ ಕಂಪನಿಗಳ ಕೆಲಸ ಇದೆ. ಅಕ್ಕ ಟೋಕನ್ ಕಟ್ಟಿದ್ದು ಒಳ್ಳೆಯದೇ ಆಯಿತು.

ಆದರೆ ಟೋಕನ್ ಮತ್ತು ಆರ್ಡರ್ ಎರಡನ್ನೂ ಒಂದೇ ಅಂತ ತಿಳಿಯಬೇಡಿ. ಟೋಕನ್ ಅಂದರೆ ಸಾಲಿನಲ್ಲಿ ಜಾಗ. ಆರ್ಡರ್ ತೆರೆದಾಗ ಬಣ್ಣ, ಬ್ಯಾಟರಿ, ಮಾಡೆಲ್ ಆರಿಸಿ ದೊಡ್ಡ ಮೊತ್ತ ಕಟ್ಟಬೇಕು, ಬೆಲೆ ಕಾಗದದ ಮೇಲೆ ಬರೋದು ಅವಾಗಲೇ. ಓಲಾ ಸ್ಕೂಟರ್ 2021ರ ಜುಲೈನಲ್ಲಿ 499 ರೂಪಾಯಿಗೆ ಬುಕಿಂಗ್ ತೆರೆದಾಗ ಬೆಲೆ ಯಾರಿಗೂ ಗೊತ್ತಿರಲಿಲ್ಲ, ಒಂದೇ ದಿನಕ್ಕೆ 1 ಲಕ್ಷ ಬುಕಿಂಗ್ ಆಯಿತು. ಬೆಲೆ ಹೇಳಿದ್ದು ಆಗಸ್ಟ್ 15ಕ್ಕೆ. ಗಾಡಿ ಕೊಡೋಕೆ ಶುರು ಮಾಡಿದ್ದು ಡಿಸೆಂಬರ್‌ನಲ್ಲಿ.

ಹಳೆ ಸಾಲಿನವರಿಗೆ ಬೆಲೆ ಉಳಿಯುತ್ತಾ ಅನ್ನೋದೂ ಮುಖ್ಯ. ಅಮೆರಿಕದ ರಿವಿಯನ್ 2022ರ ಮಾರ್ಚ್‌ನಲ್ಲಿ ಮೊದಲೇ ಬುಕ್ ಮಾಡಿದವರಿಗೂ ಸೇರಿಸಿ ಬೆಲೆ ಏರಿಸಿತು. ಜನ ತಿರುಗಿಬಿದ್ದರು. ಎರಡು ಮೂರು ದಿನದಲ್ಲೇ ಹಳೆ ಬುಕಿಂಗ್‌ಗೆ ಹಳೆ ಬೆಲೆ ಅಂತ ವಾಪಸ್ ತಗೊಂಡರು. ನಮ್ಮ ಟಾಟಾದ ಎಲೆಕ್ಟ್ರಿಕ್ ಕಾರು ಟಿಯಾಗೋ ಇ.ವಿ. 2022ರಲ್ಲಿ ಬಂದಾಗ ಮೊದಲ 10 ಸಾವಿರ ಜನಕ್ಕೆ ಅಂತ 8.49 ಲಕ್ಷದಿಂದ ಬೆಲೆ ಇಟ್ಟಿದ್ದರು, ಮೊದಲ ದಿನವೇ ಅಷ್ಟೂ ಬುಕ್ ಆಯಿತು, ಆಮೇಲೆ 20 ಸಾವಿರಕ್ಕೆ ಹೆಚ್ಚಿಸಿದರು. ಹಾಗಾಗಿ ಶುರುವಿನ ಬೆಲೆ ಎಷ್ಟು ಜನಕ್ಕೆ, ನಿಮ್ಮ ನಂಬರ್ ಅದರ ಒಳಗೆ ಇದೆಯಾ ಅಂತ ಬರಹದಲ್ಲಿ ಕೇಳಿ.

ಬೈಲಹೊಂಗಲ ದಾರಿ

ನಂಬರ್ ಕೇಳಿದ್ದೆ ತಮ್ಮಾ. "ನೀವು ಮೊದಲಿನ ಗ್ರಾಹಕರಲ್ಲಿ ಒಬ್ಬರು" ಅಂತ ಉತ್ತರ ಬಂತು. ನಂಬರ್ ಕೊಡಲಿಲ್ಲ.

ಉದ್ಯಮಬಾಗ ಫೌಂಡ್ರಿ

ಮೇಡಂ, ನಾನು ಗಾಡಿ ಮಾರುವವನಲ್ಲ, ಗಾಡಿಯೊಳಗಿನ ಕಬ್ಬಿಣ ಎರಕ ಹೊಯ್ಯುವವನು. ಉದ್ಯಮಬಾಗ, ಮಚ್ಛೆ ಕಡೆಯ ಫೌಂಡ್ರಿಗಳಿಂದ ಎಷ್ಟೋ ವಾಹನ ಕಂಪನಿಗಳಿಗೆ ಭಾಗಗಳು ಹೋಗುತ್ತವೆ. ದೊಡ್ಡವರಿಗೂ ಮಾಡಿದ್ದೇವೆ, ಹೊಸಬರಿಗೂ ಮಾಡಿದ್ದೇವೆ. ತಾರೀಖು ಯಾಕೆ ಜಾರುತ್ತೆ ಅನ್ನೋದು ನಮ್ಮ ಶೆಡ್ಡಿನಲ್ಲಿ ನಿಂತರೆ ಕಣ್ಣಿಗೆ ಕಾಣುತ್ತೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಒಂದು ಭಾಗದ ಡ್ರಾಯಿಂಗ್ ಬರುತ್ತೆ ಅಂದುಕೊಳ್ಳಿ. ಚಕ್ರ ಹಿಡಿಯುವ ನಕಲ್ ಅಂತಲೇ ಇಟ್ಟುಕೊಳ್ಳಿ. ಮೊದಲು ಪ್ಯಾಟರ್ನ್, ಅಂದರೆ ಮರಳಿನಲ್ಲಿ ಅಚ್ಚು ಒತ್ತುವ ಮಾದರಿ, ಮಾಡಿಸಬೇಕು, ಒಳಗಿನ ಟೊಳ್ಳಿನ ಆಕಾರಕ್ಕೆ ಕೋರ್ ಬಾಕ್ಸ್ ಮಾಡಿಸಬೇಕು. ಆಮೇಲೆ ಕೆಲವೇ ಸ್ಯಾಂಪಲ್ ಹೊಯ್ಯುತ್ತೇವೆ. ಅದನ್ನು ಗರಗಸದಲ್ಲಿ ಅಡ್ಡ ಕೊಯ್ದು ಒಳಗೆ ನೋಡುತ್ತೇವೆ. ದಪ್ಪ ಇರುವ ಜಾಗದಲ್ಲಿ ಕಬ್ಬಿಣ ಕೊನೆಗೆ ಗಟ್ಟಿಯಾಗುತ್ತೆ, ಅಲ್ಲಿ ಸಾಸಿವೆ ಕಾಳಿನಷ್ಟು ಪೊಳ್ಳು ಉಳಿದಿದ್ದರೂ ಆ ಸ್ಯಾಂಪಲ್ ಹೋಯಿತು. ಗಟ್ಟಿಯಾಗುವಾಗ ಹೆಚ್ಚುವರಿ ಕಬ್ಬಿಣ ಒದಗಿಸುವ ರೈಸರ್‌ನ ಜಾಗ ಬದಲಿಸಿ ಮತ್ತೆ ಹೊಯ್ಯಬೇಕು. ಅದು ಸರಿಹೋದ ಮೇಲೆ ಮಷೀನಿಂಗ್, ಅಳತೆ ಪರೀಕ್ಷೆ, ಕಂಪನಿಯವರು ಗಾಡಿಗೆ ಜೋಡಿಸಿ ನೋಡುವುದು. ಎಲ್ಲ ಒಪ್ಪಿಗೆಯಾದ ಮೇಲೆ ಸಣ್ಣ ಲಾಟ್. ಅದೂ ಸರಿಹೋದರೆ ತಿಂಗಳಿಗೆ ಇಷ್ಟು ಅಂತ ಶೆಡ್ಯೂಲ್ ಬರುತ್ತೆ.

ಹೊಸ ಕಂಪನಿಯವರ ಜೊತೆ ಎಡವಟ್ಟಾಗೋದು ಡ್ರಾಯಿಂಗ್‌ನಲ್ಲಿ. ನಾವು ಸ್ಯಾಂಪಲ್ ಕಳಿಸಿರುತ್ತೇವೆ, ಅಷ್ಟರಲ್ಲಿ ಹೊಸ ರಿವಿಷನ್ ಬಂದಿರುತ್ತೆ, ಬೋಲ್ಟಿನ ತೂತು ನಾಲ್ಕು ಮಿಲಿಮೀಟರ್ ಆಚೆ ಸರಿದಿರುತ್ತೆ. ಯಾಕೆ ಅಂದರೆ ಬ್ಯಾಟರಿ ಸರಬರಾಜು ಮಾಡುವವರು ಬದಲಾದರು, ಪ್ಯಾಕ್ ಅಗಲ ಆಯಿತು, ತೂಕ ಜಾಸ್ತಿ ಆಯಿತು, ಹಾಗಾಗಿ ಸಸ್ಪೆನ್ಷನ್ ಬದಲಾಯಿತು. ಪ್ಯಾಟರ್ನ್ ಮತ್ತೆ ತಿದ್ದಬೇಕು. ತಿದ್ದೋಕೆ ದುಡ್ಡು ಯಾರು ಕೊಡಬೇಕು ಅನ್ನೋ ಮಾತುಕತೆಗೆ ವಾರಗಳು ಹೋಗುತ್ತವೆ. ದೊಡ್ಡ ಕಂಪನಿಗೆ ಒಂದು ಭಾಗಕ್ಕೆ ಇಬ್ಬರು ಸರಬರಾಜುದಾರರು ಇರುತ್ತಾರೆ. ಹೊಸಬರಿಗೆ ಒಬ್ಬರೇ. ಆ ಒಬ್ಬರ ಫರ್ನೇಸ್ ನಿಂತರೆ ಕಾರೂ ನಿಂತಿತು.

ಇದರಲ್ಲಿ ಮೋಸ ಏನೂ ಇಲ್ಲ. ಆ ಹುಡುಗರು ರಾತ್ರಿ ಹಗಲು ದುಡಿಯುವವರು, ನಮ್ಮ ಶೆಡ್ಡಿನಲ್ಲೇ ಮಲಗಿ ಬೆಳಿಗ್ಗೆ ಸ್ಯಾಂಪಲ್ ಕೈಯಲ್ಲಿ ಹಿಡಿದು ಬಸ್ ಹತ್ತಿದವರನ್ನು ನೋಡಿದ್ದೇನೆ. ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ವೇದಿಕೆ ಮೇಲೆ ಹೇಳುವ ತಾರೀಖು ಎಲ್ಲವೂ ಮೊದಲ ಸಲಕ್ಕೇ ಸರಿಹೋದರೆ ಅಂತ ಹಾಕಿದ ಲೆಕ್ಕ. ಎಲ್ಲವೂ ಮೊದಲ ಸಲಕ್ಕೆ ಸರಿಹೋದ ಗಾಡಿಯನ್ನು ನಾನಂತೂ ನೋಡಿಲ್ಲ.

ಬೈಲಹೊಂಗಲ ದಾರಿ

ಸರ್, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಆದರೆ ನನ್ನಂಥವರಿಗೆ ಒಳಗಿನ ಸುದ್ದಿ ಹೇಗೆ ಗೊತ್ತಾಗಬೇಕು? ಕಂಪನಿಯವರು ಯಾವ ಹಂತದಲ್ಲಿದ್ದಾರೆ ಅಂತ ಹೊರಗಿನಿಂದ ತಿಳಿಯೋದು ಹೇಗೆ?

ಉದ್ಯಮಬಾಗ ಫೌಂಡ್ರಿ

ಮೊದಲ ಪ್ರಶ್ನೆ: ಟೈಪ್ ಅಪ್ರೂವಲ್ ಆಗಿದೆಯಾ? ನಮ್ಮ ದೇಶದಲ್ಲಿ ಯಾವುದೇ ಹೊಸ ಮಾಡೆಲ್ ರಸ್ತೆಗೆ ಮಾರಾಟಕ್ಕೆ ಬರಬೇಕಾದರೆ ಪುಣೆಯ ಎ.ಆರ್.ಎ.ಐ. ತರಹದ ಸಂಸ್ಥೆಯಲ್ಲಿ ಪರೀಕ್ಷೆಯಾಗಿ ಪ್ರಮಾಣಪತ್ರ ಸಿಗಬೇಕು. ಅದಿಲ್ಲದೆ ಆರ್.ಟಿ.ಒ.ದಲ್ಲಿ ನೋಂದಣಿ ಆಗಲ್ಲ, ನಿಮಗೆ ಕೆ.ಎ. 22 ಪ್ಲೇಟ್ ಸಿಗಲ್ಲ. "ಪ್ರಕ್ರಿಯೆಯಲ್ಲಿದೆ" ಅಂದರೆ ಆಗಿಲ್ಲ ಅಂತಲೇ ಅರ್ಥ ಮಾಡಿಕೊಳ್ಳಿ.

ಎರಡನೆಯದು, ನಿಮ್ಮ ಕಾರು ಯಾವ ವರ್ಗದಲ್ಲಿ ನೋಂದಣಿಯಾಗುತ್ತೆ? ಹೊರಗಿನಿಂದ ಕಾರಿನಂತೆ ಕಂಡರೂ ಕೆಲವು ಸಣ್ಣ ಗಾಡಿಗಳು ಕ್ವಾಡ್ರಿಸೈಕಲ್, ಅಂದರೆ ಕಾರಿಗಿಂತ ಹಗುರವಾದ ನಾಲ್ಕು ಚಕ್ರದ ಗಾಡಿಗಳ ವರ್ಗಕ್ಕೆ ಸೇರುತ್ತವೆ. ಬಜಾಜ್ ಕ್ಯೂಟ್ ಅಂಥದ್ದು, ಗರಿಷ್ಠ ವೇಗ ಗಂಟೆಗೆ 70 ಕಿ.ಮೀ. ಊರೊಳಗೆ ಸಾಕು. ಆದರೆ ನೀವು ದಿನಾ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಲಾರಿಗಳ ನಡುವೆ ಹೋಗುವವರು. ಕಾರು ವರ್ಗದ್ದಾದರೆ ಭಾರತ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆ ಮಾಡಿಸಿದ್ದಾರಾ ಅಂತಲೂ ಕೇಳಿ. ಅದು 2023ರ ಅಕ್ಟೋಬರ್‌ನಿಂದ ಇದೆ, ಕಡ್ಡಾಯವಲ್ಲ.

ಮೂರನೆಯದು, ಕೊನೆಯ ರೂಪದ ಗಾಡಿಯನ್ನು ಹೊರಗಿನವರು ಓಡಿಸಿದ್ದಾರಾ? ಪ್ರದರ್ಶನಕ್ಕೆ ಇಟ್ಟಿದ್ದು ಲೆಕ್ಕಕ್ಕಿಲ್ಲ. ಬಾಗಿಲಿನ ಸಂದು ಎಲ್ಲ ಕಡೆ ಒಂದೇ ಸಮ ಇದೆಯಾ, ಡ್ಯಾಶ್‌ಬೋರ್ಡ್ ಕೈಯಲ್ಲಿ ಮಾಡಿದ್ದಾ ಅಚ್ಚಿನಲ್ಲಿ ಮಾಡಿದ್ದಾ ಅಂತ ನೋಡಿದರೆ ಸಾಕು, ಅಚ್ಚು ತಯಾರಾಗಿದೆಯೋ ಇಲ್ಲವೋ ತಿಳಿಯುತ್ತೆ. ಅಚ್ಚು ತಯಾರಾಗಿಲ್ಲದಿದ್ದರೆ ಗಾಡಿ ದೂರ ಇದೆ.

ಹಿಂದವಾಡಿ ಲೆಕ್ಕ

ಎಲ್ಲರೂ ಕಂಪನಿ ಬಗ್ಗೆ ಹೇಳುತ್ತಿದ್ದೀರಿ. ಮೇಡಂ ಕೇಳಿದ್ದು "ಕಾದರೆ ನಷ್ಟ ಏನು" ಅಂತ. ಅದಕ್ಕೆ ಲೆಕ್ಕ ಇದೆ, ಹಾಕೋಣ.

ದಿನಕ್ಕೆ 90 ಕಿ.ಮೀ., ತಿಂಗಳಿಗೆ 25 ದಿನ, ಒಟ್ಟು 2,250 ಕಿ.ಮೀ. ಹಳೆ ಕಾರು ಲೀಟರಿಗೆ 15 ಕೊಟ್ಟರೆ 150 ಲೀಟರ್ ಪೆಟ್ರೋಲ್. ಲೀಟರಿಗೆ 103 ಹಿಡಿದರೆ 15,450 ರೂಪಾಯಿ.

ಎಲೆಕ್ಟ್ರಿಕ್ ಕಾರು ಯೂನಿಟ್‌ಗೆ 7 ಕಿ.ಮೀ. ಅಂತ ಹಿಡಿಯಿರಿ. 321 ಯೂನಿಟ್ ಬೇಕು. ಚಾರ್ಜ್ ಮಾಡುವಾಗ ಸ್ವಲ್ಪ ಸೋರಿಹೋಗುತ್ತೆ, ಅದಕ್ಕೆ 355 ಅನ್ನೋಣ. ಮನೆಯ ದರ ಸುಮಾರು 6 ರೂಪಾಯಿ ಅಂದರೆ 2,130. ಎರಡರ ನಡುವಿನ ವ್ಯತ್ಯಾಸ ತಿಂಗಳಿಗೆ 13,300 ರೂಪಾಯಿ.

ಅಂದರೆ ನೀವು ಸುಮ್ನೆ ಕಾಯುವ ಪ್ರತಿ ತಿಂಗಳಿಗೂ 13 ಸಾವಿರ ಕೈಬಿಟ್ಟು ಹೋಗುತ್ತಿದೆ. ಆರು ತಿಂಗಳಿಗೆ 80 ಸಾವಿರ. ಟೋಕನ್ ವಾಪಸ್ ಸಿಗುತ್ತೆ ಅಂತ ಸಮಾಧಾನ ಮಾಡಿಕೊಳ್ಳುತ್ತೀರಿ, ಈ ದುಡ್ಡು ವಾಪಸ್ ಬರಲ್ಲ. ದಿನಕ್ಕೆ ಹತ್ತು ಕಿ.ಮೀ. ಓಡಿಸುವವರು ಎಷ್ಟು ಬೇಕಾದರೂ ಕಾಯಲಿ, ಅವರಿಗೆ ತಿಂಗಳಿಗೆ ಒಂದೂವರೆ ಸಾವಿರವೂ ವ್ಯತ್ಯಾಸ ಬರಲ್ಲ. ನಿಮ್ಮ ಓಡಾಟ ಅಂಥದ್ದಲ್ಲ. ಹೊಸ ಕಂಪನಿಯ ಕಾರು ಇನ್ನೊಂದಕ್ಕಿಂತ 1 ಲಕ್ಷ ಅಗ್ಗ ಅಂತ ಕಾದರೆ, ಎಂಟು ತಿಂಗಳು ಜಾರಿತು ಅಂದರೆ ಆ ಅಗ್ಗ ಅಲ್ಲಿಗೆ ಮುಗಿಯಿತು.

ಗೃಹಜ್ಯೋತಿ ಮರೆಯಬೇಡಿ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ದಾಟಿದ್ದಕ್ಕೆ ಮಾತ್ರ ಅಲ್ಲ. ಕಾರಿಗೇ 355 ಬೇಕಾದಾಗ ಮನೆಯ ಸೊನ್ನೆ ಬಿಲ್ ಹೋಗುತ್ತೆ. ಕಾರಿಗೆ ಬೇರೆ ಮೀಟರ್ ಹಾಕಿಸಬಹುದಾ ಅಂತ ಹೆಸ್ಕಾಂ ಉಪವಿಭಾಗದಲ್ಲಿ ವಿಚಾರಿಸಿ, ಇ.ವಿ. ಚಾರ್ಜಿಂಗ್‌ಗೆ ಪ್ರತ್ಯೇಕ ದರ ಇದೆ. ಈ ಕೆಲಸ ಯಾವ ಕಾರು ತಗೊಂಡರೂ ಆಗಬೇಕು, ಕಾಯುವಾಗಲೇ ಮುಗಿಸಿ. ಕೇಂದ್ರದ ಸಬ್ಸಿಡಿ ಬರುತ್ತೆ ಅಂತ ಕಾಯುವುದೂ ಬೇಡ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ಖಾಸಗಿ ಕಾರುಗಳಿಲ್ಲ. ಕಾರಿನ ಮೇಲೆ ಜಿ.ಎಸ್.ಟಿ. 5 ಪರ್ಸೆಂಟ್ ಇದೆ, ಅದೇ ದೊಡ್ಡ ಲಾಭ.

ಸವದತ್ತಿ ಹುಡುಗ

ಲೆಕ್ಕ ಸರಿ ಅಣ್ಣಾ. ಬ್ಯಾಟರಿ ಬಾಡಿಗೆಗೆ ಕೊಡುವ ಕಂಪನಿಗಳೂ ಇವೆಯಲ್ಲ, ಅದನ್ನೂ ಸೇರಿಸಿ.

ಹಿಂದವಾಡಿ ಲೆಕ್ಕ

ಸೇರಿಸೋಣ. ಎಂ.ಜಿ. ವಿಂಡ್ಸರ್ 2024ರ ಸೆಪ್ಟೆಂಬರ್‌ನಲ್ಲಿ ಬಂದಾಗ 9.99 ಲಕ್ಷ, ಜೊತೆಗೆ ಕಿ.ಮೀ.ಗೆ 3.5 ರೂಪಾಯಿ ಬ್ಯಾಟರಿ ಬಾಡಿಗೆ ಅಂತ ಇತ್ತು. ಮೇಡಂ ಓಡಾಟಕ್ಕೆ ಅದೇ 7,875 ಆಗುತ್ತೆ ತಿಂಗಳಿಗೆ. ಪೆಟ್ರೋಲ್‌ನಲ್ಲಿ ಉಳಿಸಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಗೆ ಹೋಯಿತು. ಪುಣೆಯ ವೇವ್ ಮೊಬಿಲಿಟಿಯವರು 2025ರ ಜನವರಿಯಲ್ಲಿ ಇವಾ ಅನ್ನೋ ಸಣ್ಣ ಕಾರು ತೋರಿಸಿದರು, ಬ್ಯಾಟರಿ ಬಿಟ್ಟು 3.25 ಲಕ್ಷದಿಂದ, ಕಿ.ಮೀ.ಗೆ 2 ರೂಪಾಯಿ. ಕಡಿಮೆ ಓಡಿಸುವವರಿಗೆ ಬಾಡಿಗೆ ಒಳ್ಳೆಯದು. ಮೇಡಂಗೆ ಅಲ್ಲ.

ನವನಗರ ವಕೀಲ

ಬಾಗಲಕೋಟೆಯಿಂದ. ಮೇಡಂ, ಟೋಕನ್ ಕಟ್ಟಿದಾಗ ಒಪ್ಪಿಕೊಂಡ ಷರತ್ತುಗಳ ಪುಟವನ್ನು ಈಗಲೇ ಪಿ.ಡಿ.ಎಫ್. ಮಾಡಿ ಇಟ್ಟುಕೊಳ್ಳಿ. ವೆಬ್‌ಸೈಟಿನಲ್ಲಿ ಅದು ನಾಳೆ ಬದಲಾಗಬಹುದು. ಹಣ ಹೋದ ರಸೀದಿ, ಬಂದ ಮೇಲ್‌ಗಳು, ದೀಪಾವಳಿ ಅಂದದ್ದು, ಯುಗಾದಿ ಅಂದದ್ದು, ಎಲ್ಲ ಒಂದು ಕಡೆ ಇರಲಿ.

ಟೋಕನ್ ಪೂರ್ತಿ ವಾಪಸ್ ಅಂತ ಬರೆದಿರುತ್ತಾರೆ. ಆರ್ಡರ್ ಆದ ಮೇಲೆ ಕಟ್ಟುವ ಹಣಕ್ಕೆ ಅದೇ ಮಾತು ಅನ್ವಯಿಸಲ್ಲ, ರದ್ದು ಮಾಡಿದರೆ ಕಡಿತ ಅಂತ ಬೇರೆ ಷರತ್ತು ಇರುತ್ತೆ. ಅದರಲ್ಲಿ ಎರಡು ಸಾಲು ಹುಡುಕಿ. ಬಿಲ್ಲಿಂಗ್ ದಿನದ ಬೆಲೆಯೇ ಅಂತಿಮ ಅಂತ ಇದೆಯಾ? ಇಂತಿಷ್ಟು ದಿನದಲ್ಲಿ ಗಾಡಿ ಕೊಡದಿದ್ದರೆ ಹಣ ವಾಪಸ್ ಅಂತ ಇದೆಯಾ? ಮೊದಲನೆಯದು ಇದ್ದು ಎರಡನೆಯದು ಇಲ್ಲದಿದ್ದರೆ ದೊಡ್ಡ ಮೊತ್ತ ಕಟ್ಟಬೇಡಿ.

ಹಣ ವಾಪಸ್ ಕೊಡದೆ ಸತಾಯಿಸಿದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಇರುವ ಊರಿಗೆ ಅಲೆಯಬೇಕಿಲ್ಲ. 5 ಲಕ್ಷದವರೆಗೆ ಶುಲ್ಕ ಇಲ್ಲ. ನನ್ನ ಹತ್ತಿರ ಬಂದ ಒಬ್ಬರು ಬೇರೊಂದು ಹೊಸ ಕಂಪನಿಯ ಸ್ಕೂಟರಿಗೆ ಕಟ್ಟಿದ ಹಣಕ್ಕೆ ಬರೀ ಫೋನ್ ಮಾಡುತ್ತಲೇ ಇದ್ದರು. ಒಂದು ಲೀಗಲ್ ನೋಟಿಸ್ ಹೋದ ಮೇಲೆ ಹಣ ಬಂತು.

ಕಂಪನಿಯೇ ದಿವಾಳಿಯಾದರೆ ಮಾತ್ರ ಕಷ್ಟ. ಆಗ ಸಾಲ ಕೊಟ್ಟ ಬ್ಯಾಂಕುಗಳು ಮುಂದೆ ಇರುತ್ತವೆ, ಮುಂಗಡ ಕೊಟ್ಟ ಗ್ರಾಹಕರು ಬಹಳ ಹಿಂದೆ. ಕೇಸ್ ಹಾಕೋಕೂ ತಡೆ ಬರುತ್ತೆ. ಹಾಗಾಗಿ ಗಾಡಿ ಬರುವ ಮುಂಚೆ ಎಷ್ಟು ಕಡಿಮೆ ಹಣ ಅವರ ಕೈಯಲ್ಲಿದೆಯೋ ಅಷ್ಟು ಒಳ್ಳೆಯದು.

ಸವದತ್ತಿ ಹುಡುಗ

ಹಣ ಉಳಿದರೂ ಕಾರಿನ ಕಥೆ ಬೇರೆ ಇದೆ ಸರ್. ಅಮೆರಿಕದ ಫಿಸ್ಕರ್ ಕಂಪನಿ 2024ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅವರ ಓಷನ್ ಕಾರು ಆಗಲೇ ತಗೊಂಡಿದ್ದವರು ಬಿಡಿಭಾಗಕ್ಕೆ, ಸಾಫ್ಟ್‌ವೇರ್‌ಗೆ ತಾವೇ ಸಂಘ ಕಟ್ಟಿಕೊಂಡು ಓಡಾಡಬೇಕಾಯಿತು. ಟೆಸ್ಲಾ ಉಳಿದುಕೊಂಡಿತು, ಆದರೂ ನಮ್ಮವರು 2016ರಲ್ಲಿ ಮಾಡೆಲ್ 3ಗೆ 1,000 ಡಾಲರ್ ಕಟ್ಟಿ ಕಾದಿದ್ದರು, 2025ರಲ್ಲಿ ಆ ಹಣ ವಾಪಸ್ ಕೊಡುತ್ತೇವೆ ಅಂತ ಮೇಲ್ ಬಂತು. ಅದೇ ವರ್ಷ ಜುಲೈನಲ್ಲಿ ಮುಂಬೈನಲ್ಲಿ ಶೋರೂಮ್ ತೆರೆದಾಗ ಮಾರೋಕೆ ಇಟ್ಟಿದ್ದು ಮಾಡೆಲ್ ವೈ, ಸುಮಾರು 60 ಲಕ್ಷ. ನಾನು ಹೊಸ ಕಂಪನಿ ಪರ ಇರುವವನೇ, ಆದರೆ ಇದನ್ನು ಮುಚ್ಚಿಡೋದು ಸರಿ ಅಲ್ಲ.

ಗುಮ್ಮಟನಗರಿ

ಅದಕ್ಕೇ ಹೇಳಿದ್ದು.

ಸವದತ್ತಿ ಹುಡುಗ

ಕಾಕಾ, ಎಲ್ಲರೂ ಹಾಗಿಲ್ಲ. ವಿಯೆಟ್ನಾಂನ ವಿನ್‌ಫಾಸ್ಟ್ ಶುರುವಾದದ್ದೇ 2017ರಲ್ಲಿ. ನಮ್ಮಲ್ಲಿ 2025ರ ಜುಲೈ 15ಕ್ಕೆ 21 ಸಾವಿರಕ್ಕೆ ಬುಕಿಂಗ್ ತೆರೆದರು, ಆಗಸ್ಟ್‌ನಲ್ಲಿ ತಮಿಳುನಾಡಿನ ತೂತ್ತುಕುಡಿ ಕಾರ್ಖಾನೆ ಉದ್ಘಾಟನೆ, ಸೆಪ್ಟೆಂಬರ್ 6ಕ್ಕೆ ಬೆಲೆ ಹೇಳಿದರು. ಎರಡು ತಿಂಗಳೂ ಆಗಲಿಲ್ಲ. ಕಾರ್ಖಾನೆ ತಯಾರಾಗುವ ಹೊತ್ತಿಗೆ ದುಡ್ಡು ಕೇಳಿದವರು ಬೇರೆ, ಚಿತ್ರ ತೋರಿಸಿ ದುಡ್ಡು ಕೇಳಿದವರು ಬೇರೆ.

ಜಮಖಂಡಿ ಕಬ್ಬು

ನಾನು ಎಲೆಕ್ಟ್ರಿಕ್ ಕಾರು ಓಡಿಸುತ್ತಿದ್ದೇನೆ, ಹಳೆ ಕಂಪನಿಯದು. ಅಕ್ಕಾರೆ, ಸರ್ವಿಸ್ ಎಲ್ಲಿದೆ ಅಂತ ಯಾರೂ ಕೇಳಲೇ ಇಲ್ಲವಲ್ಲ! ಕಬ್ಬಿನ ಸೀಸನ್‌ನಲ್ಲಿ ನಮ್ಮ ಕಡೆ ರಸ್ತೆ ಹೇಗಿರುತ್ತೆ ನಿಮಗೂ ಗೊತ್ತು. ರಾತ್ರಿ ಹೊತ್ತು ಹಿಂದೆ ರಿಫ್ಲೆಕ್ಟರ್ ಇಲ್ಲದ ಎರಡು ಟ್ರೇಲರ್ ಟ್ರ್ಯಾಕ್ಟರ್. ನನ್ನ ಗಾಡಿಯ ಮುಂದಿನ ಬಂಪರ್, ಹೆಡ್‌ಲೈಟ್ ಹಾಗೇ ಹೋಯಿತು. ಹೆಡ್‌ಲೈಟ್ ಬರೋಕೆ ತಿಂಗಳಿಗಿಂತ ಜಾಸ್ತಿ ಹಿಡಿಯಿತು, ಅದೂ ಊರೂರಿಗೆ ಡೀಲರ್ ಇರುವ ಕಂಪನಿಗೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಒಂದೇ ಸರ್ವಿಸ್ ಸೆಂಟರ್ ಇರುವ ಕಂಪನಿಯಾದರೆ? ಬೆಳಗಾವಿಯಿಂದ ಪುಣೆ ಸುಮಾರು 340, ಬೆಂಗಳೂರು 500 ಕಿ.ಮೀ. ಗಾಡಿ ಕೆಟ್ಟರೆ ಲಾರಿ ಮೇಲೆ ಹಾಕಿ ಕಳಿಸಬೇಕು. ಟೋಯಿಂಗ್ ಖರ್ಚು ಯಾರದು ಅಂತ ಆರ್ಡರ್ ಮುಂಚೆ ಬರೆಸಿಕೊಳ್ಳಿ.

ಸೆಕೆ ವಿಷಯ. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ, ವಿಜಯಪುರದಲ್ಲಿ 40 ಡಿಗ್ರಿ ದಾಟುತ್ತೆ. ಬ್ಯಾಟರಿಗೆ ನೀರಿನ ಕೂಲಿಂಗ್ ಇದೆಯಾ ಬರೀ ಗಾಳಿಯಾ ಅಂತ ಕೇಳಿ. ಎಲ್.ಎಫ್.ಪಿ. (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಆದರೆ ಬಿಸಿ ತಡೆಯೋದು ಉತ್ತಮ. ಮಧ್ಯಾಹ್ನ ಬಿಸಿಲಲ್ಲಿ ಓಡಿಸಿ ತಂದು ತಕ್ಷಣ ಫಾಸ್ಟ್ ಚಾರ್ಜ್‌ಗೆ ಹಾಕಿದರೆ ವೇಗ ಇಳಿಯುತ್ತೆ, ನಾನು ನೆರಳಲ್ಲಿ ಸ್ವಲ್ಪ ಹೊತ್ತು ಬಿಟ್ಟು ಹಾಕುತ್ತೇನೆ. ಕಂಪನಿ ಹೇಳುವ ರೇಂಜ್‌ನಲ್ಲಿ ಎ.ಸಿ. ಹಾಕಿ ಹೆದ್ದಾರಿಯಲ್ಲಿ ಓಡಿಸಿದರೆ ಮುಕ್ಕಾಲು ಸಿಕ್ಕರೆ ಸಾಕು ಅಂತ ಲೆಕ್ಕ ಹಿಡಿಯಿರಿ. ನಿಮ್ಮ 90ಕ್ಕೆ ತೊಂದರೆ ಇಲ್ಲ.

ಹಿಂದವಾಡಿ ಲೆಕ್ಕ

ಸಾಲದ ವಿಷಯ ನಾನು ಬಿಟ್ಟಿದ್ದೆ. ಹೊಸ ಕಂಪನಿಯ ಗಾಡಿಗೆ ಎಲ್ಲ ಬ್ಯಾಂಕೂ ಸಾಲ ಕೊಡಲ್ಲ, ಕೊಟ್ಟರೂ ಬಡ್ಡಿ ಜಾಸ್ತಿ ಅಥವಾ ಮುಂಗಡ ಜಾಸ್ತಿ ಕೇಳುತ್ತಾರೆ, ಮಾರಿದರೆ ಎಷ್ಟು ಬರುತ್ತೆ ಅಂತ ಅವರಿಗೂ ಗೊತ್ತಿರಲ್ಲ. ನಿಮ್ಮ ಸಂಬಳದ ಖಾತೆ ಇರುವ ಶಾಖೆಗೆ ಹೋಗಿ ಮಾಡೆಲ್ ಹೆಸರು ಹೇಳಿ ಕೇಳಿ. ಆರ್ಡರ್ ಮಾಡಿದ ಮೇಲೆ ಕೇಳೋದಲ್ಲ.

ಬೈಲಹೊಂಗಲ ದಾರಿ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಒಂದೊಂದನ್ನೂ ಬರೆದುಕೊಂಡು ಕಂಪನಿಗೆ ಫೋನ್ ಮಾಡಿದೆ. ಈ ಸಲ ಮಾತಾಡಿದ ಹುಡುಗಿ ನೇರವಾಗಿ ಹೇಳಿದಳು, ಅದು ನನಗೆ ಇಷ್ಟವಾಯಿತು. ಟೈಪ್ ಅಪ್ರೂವಲ್ ಇನ್ನೂ ಆಗಿಲ್ಲ. ಕಾರು ವರ್ಗದಲ್ಲೇ ನೋಂದಣಿ. ಎಲ್.ಎಫ್.ಪಿ. ಬ್ಯಾಟರಿ, ನೀರಿನ ಕೂಲಿಂಗ್. ಸರ್ವಿಸ್ ಮೊದಲ ವರ್ಷ ಬೆಂಗಳೂರು, ಪುಣೆ ಮಾತ್ರ, ನಮ್ಮ ಕಡೆಗೆ ವ್ಯಾನ್ ಬರುತ್ತೆ ಅಂದಳು, ಎಷ್ಟು ದಿನಕ್ಕೆ ಅಂತ ಹೇಳೋಕೆ ಅವಳಿಗೂ ಆಗಲಿಲ್ಲ. ಬ್ಯಾಂಕಿನಲ್ಲಿ ಆ ಹೆಸರೇ ಅವರ ಪಟ್ಟಿಯಲ್ಲಿ ಇಲ್ಲ.

ಮನೆಯಲ್ಲಿ ಕೂತು ಮಾತಾಡಿದೆವು. ತಿಂಗಳಿಗೆ 13 ಸಾವಿರದ ಲೆಕ್ಕ ತೋರಿಸಿದಾಗ ನಮ್ಮ ಮನೆಯವರು ಸುಮ್ಮನಾದರು. ಈಗ ಹೀಗೆ ಮಾಡುತ್ತಿದ್ದೇವೆ. ಶೋರೂಮಿನಲ್ಲಿ ಇವತ್ತು ಸಿಗುವ ಒಂದು ಎಲೆಕ್ಟ್ರಿಕ್ ಕಾರು, ಒಂದು ವರ್ಷ ಓಡಿದ್ದು, ಡೀಲರ್ ಕಡೆಯಿಂದಲೇ ನೋಡಿದ್ದೇವೆ. ಅತ್ತೆಯವರನ್ನು ಕೂರಿಸಿ ಇಳಿಸಿ ನೋಡಿದೆವು, ಅವರಿಗೆ ಆಯಿತು. ಹೊಸದಕ್ಕಿಂತ ಸಾಕಷ್ಟು ಕಡಿಮೆ ಬೆಲೆ, ಬ್ಯಾಟರಿ ವಾರಂಟಿ ಎರಡನೇ ಮಾಲೀಕರಿಗೂ ಇದೆಯಾ ಅಂತ ಬರಹದಲ್ಲಿ ಕೇಳಿದ್ದೇನೆ. ಹಳೆ ಕಾರನ್ನು ಇದ್ದ ಹಾಗೇ ಕೊಡುತ್ತೇವೆ, ಕ್ಲಚ್ ಹಾಕಿಸಲ್ಲ.

ಹೊಸ ಕಂಪನಿಯ ಟೋಕನ್ ವಾಪಸ್ ತಗೊಳ್ಳಲ್ಲ. ಅದು ಸಣ್ಣ ಮೊತ್ತ, ಪೂರ್ತಿ ವಾಪಸ್ ಅಂತ ಬರಹದಲ್ಲಿದೆ. ಅವರು ಗೆಲ್ಲಲಿ ಅಂತ ನನಗೆ ನಿಜವಾಗಿಯೂ ಆಸೆ ಇದೆ. ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಸರ್ವಿಸ್ ತೆರೆದು, ಓಡಿಸಿ ನೋಡೋಕೆ ಗಾಡಿ ಕೊಟ್ಟ ದಿನ ಆರ್ಡರ್ ಮಾಡುತ್ತೇನೆ. ಮಗಳ ಕಾಲೇಜಿಗೆ ಹೇಗೂ ಇನ್ನೊಂದು ಬೇಕಾಗುತ್ತೆ.

ಉದ್ಯಮಬಾಗ ಫೌಂಡ್ರಿ

ಒಳ್ಳೆಯ ತೀರ್ಮಾನ ಮೇಡಂ. ಹಳೆ ಇ.ವಿ. ತಗೊಳ್ಳುವಾಗ ಬ್ಯಾಟರಿ ಆರೋಗ್ಯದ ರಿಪೋರ್ಟ್ ಸರ್ವಿಸ್ ಸೆಂಟರಿನಿಂದ ಪ್ರಿಂಟ್ ತೆಗೆಸಿಕೊಳ್ಳಿ. ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ ಬ್ಯಾಟರಿ ಪೆಟ್ಟಿಗೆಯ ತಳ ನೋಡಿ, ಕಲ್ಲು ಬಡಿದ ತಗ್ಗು ಇದ್ದರೆ ಬೇಡ.

ಬೈಲಹೊಂಗಲ ದಾರಿ

ಶನಿವಾರ ಮಧ್ಯಾಹ್ನ ಲಿಫ್ಟ್ ಮೇಲೆ ಎತ್ತಿ ತೋರಿಸುತ್ತೇವೆ ಅಂದಿದ್ದಾರೆ ಸರ್. ಒಂದು ಪ್ರಶ್ನೆ ಉಳಿಯಿತು. ನಮ್ಮದು ಹಳೆ ಮನೆ, 15 ಆಂಪಿಯರ್ ಸಾಕೆಟ್ ಒಂದೇ ಇದೆ, ಗೀಸರ್‌ದು. ಅದಕ್ಕೇ ಹಾಕಬಹುದಾ?

ಜಮಖಂಡಿ ಕಬ್ಬು

ಬೇಡ ಅಕ್ಕಾರೆ. ಮೀಟರ್ ಬೋರ್ಡಿನಿಂದಲೇ ಕಾರಿಗೆ ಬೇರೆ ದಪ್ಪ ವೈರ್ ಎಳೆಸಿ, ಅದಕ್ಕೆ ಪ್ರತ್ಯೇಕ ಎಂ.ಸಿ.ಬಿ. (ಲೋಡ್ ಜಾಸ್ತಿಯಾದರೆ ಕರೆಂಟ್ ಕಡಿಯುವ ಸ್ವಿಚ್) ಮತ್ತು ಆರ್.ಸಿ.ಸಿ.ಬಿ. (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಹಾಕಿಸಿ. ಅರ್ಥಿಂಗ್ ಹೊಸದಾಗಿ ಮಾಡಿಸಿ, ಹಳೆ ಮನೆಗಳಲ್ಲಿ ಅದು ಹೆಸರಿಗೆ ಮಾತ್ರ ಇರುತ್ತೆ, ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಡುತ್ತೆ. ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಹೆಸ್ಕಾಂ ಬಿಲ್ಲಿನ ಮೇಲೇ ಇದೆ, ಕಾರಿಗೇ ಸುಮಾರು 3 ಬೇಕು, ಕಡಿಮೆ ಇದ್ದರೆ ಕಾರು ಬರುವ ಮುಂಚೆಯೇ ಅರ್ಜಿ ಹಾಕಿ.